ಬಡವರ ಲೆಕ್ಕ ಇಡುವ ವರದಿ: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ವರದಿ 2025 ಓದಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದನ್ನು ಯಾಕೆ ಕೊಡಲಿಲ್ಲ ಅನ್ನೋದು ಮುಂದೆ ಬರುತ್ತದೆ.

ಇದು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕ ಅಲ್ಲ. ವಿಶ್ವಸಂಸ್ಥೆ ವರ್ಷಕ್ಕೊಂದು ಸಲ ಇದನ್ನು ಹೊರತರುತ್ತದೆ, ಯಾರು ಬೇಕಾದರೂ ಪಿಡಿಎಫ್ ಇಳಿಸಿಕೊಂಡು ಓದಬಹುದು. ಬಡತನ, ಹಸಿವು, ಆರೋಗ್ಯ, ಶಾಲೆ, ನೀರು, ಕರೆಂಟು, ಹೀಗೆ 17 ಗುರಿಗಳು. 2030ರೊಳಗೆ ಮುಟ್ಟುತ್ತೇವೆ ಅಂತ 2015ರ ಸೆಪ್ಟೆಂಬರ್‌ನಲ್ಲಿ 193 ದೇಶಗಳು ಒಪ್ಪಿದ್ದವು. ಎಲ್ಲಿಯವರೆಗೆ ಬಂದಿದ್ದೇವೆ ಅಂತ ಈ ವರದಿ ಹೇಳುತ್ತದೆ. 2025ರದು ಹತ್ತನೇ ವರ್ಷದ ಲೆಕ್ಕ, ಹಾಗಾಗಿ ಸ್ವಲ್ಪ ವಿಶೇಷ.

ನಾನು ಇದನ್ನು ಓದುವ ರೀತಿ ಬಹುಶಃ ಬೇರೆಯವರಿಗಿಂತ ಸ್ವಲ್ಪ ಬೇರೆ. ಕೆಲವು ವರ್ಷ ನಾನು ಮನೆ ಸಮೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಪ್ರಶ್ನಾವಳಿ ಹಿಡಿದು ಬಾಗಿಲು ತಟ್ಟುವುದು, ಒಂದೊಂದು ಮನೆಯಲ್ಲಿ ಎರಡೆರಡು ಗಂಟೆ ಕೂತು ಕೇಳುವುದು. ಕಳೆದ ಏಳು ದಿನದಲ್ಲಿ ಏನೇನು ತಿಂದಿರಿ, ಅದರಲ್ಲಿ ಕೊಂಡಿದ್ದೆಷ್ಟು, ಮನೆಯಲ್ಲೇ ಬೆಳೆದಿದ್ದೆಷ್ಟು, ಯಾರಾದರೂ ಕೊಟ್ಟಿದ್ದೆಷ್ಟು. ಎಷ್ಟು ಮಕ್ಕಳು ಹುಟ್ಟಿದವು. ಎಷ್ಟು ಉಳಿದವು. ಈ ಕೊನೆಯ ಪ್ರಶ್ನೆ ಕೇಳುವಾಗ ದನಿ ತಾನಾಗೇ ತಗ್ಗುತ್ತದೆ. ಒಬ್ಬ ತಾಯಿ ನನ್ನ ಕೈಯಲ್ಲಿದ್ದ ಹಾಳೆ ನೋಡುತ್ತಾ, 'ನನ್ನ ಮಗು ಹೋಗಿದ್ದು ಇದರಲ್ಲಿ ಬರೆದರೆ ಅದು ಯಾರಿಗೆ ಗೊತ್ತಾಗುತ್ತದೆ?' ಅಂತ ಕೇಳಿದ್ದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈ ವರದಿಯಂಥ ಕಡೆಗೇ ಅದು ಬಂದು ಸೇರುತ್ತದೆ ಅಂತ ಆಮೇಲೆ ತಿಳಿಯಿತು. ಆವತ್ತಿನಿಂದ ಇದರ ಒಂದೊಂದು ಅಂಕಿಯ ಹಿಂದೆ ಒಂದೊಂದು ಬಾಗಿಲು ಕಾಣುತ್ತದೆ ನನಗೆ.

ಹಾಗಾಗಿ ನಾನು ಈ ವರದಿಯನ್ನು ಅಳೆಯುವುದು ಒಂದೇ ವಿಷಯದ ಮೇಲೆ. ಎಣಿಕೆ ಸರಿಯಾಗಿದೆಯಾ? ಓದುವವರಿಗೆ ಅದನ್ನು ನೇರವಾಗಿ ತೋರಿಸಿದ್ದಾರಾ? ಗುರಿಗಳು ಬರೀ ಮಾತು, ಯಾರೂ ಪಾಲಿಸುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ಪಾಲಿಸದಿದ್ದರೆ ಶಿಕ್ಷೆ ಇಲ್ಲ, ಅದು ನಿಜ. ಆದರೆ ಈ ಗುರಿಗಳು ಬಂದ ಮೇಲೆ ಯಾರೂ ಎಣಿಸದೇ ಬಿಟ್ಟಿದ್ದ ಜನರನ್ನು ಎಣಿಸಲೇಬೇಕಾಯಿತು. ನನ್ನ ಮಟ್ಟಿಗೆ ಅದೇ ಇವುಗಳ ಅತಿ ದೊಡ್ಡ ಕೆಲಸ.

ಮೊದಲು ಚೆನ್ನಾಗಿರುವುದನ್ನು ಹೇಳುತ್ತೇನೆ. ಭಾಷೆ ಸರಳವಾಗಿದೆ. ಒಂದೊಂದು ಗುರಿಗೆ ಕೆಲವೇ ಪುಟ, ಜೊತೆಗೆ ಚಿತ್ರನಕ್ಷೆ. ಒಂದು ಗುರಿಯನ್ನು ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಸಿಹಿ ಸುದ್ದಿಯನ್ನೂ ಮುಚ್ಚಿಟ್ಟಿಲ್ಲ, ಕಹಿ ಸುದ್ದಿಯನ್ನೂ ಮುಚ್ಚಿಟ್ಟಿಲ್ಲ. 2015ರಿಂದ ಈಚೆಗೆ ಸುಮಾರು 11 ಕೋಟಿ ಮಕ್ಕಳು ಮತ್ತು ಹದಿಹರೆಯದವರು ಹೆಚ್ಚುವರಿಯಾಗಿ ಶಾಲೆಗೆ ಸೇರಿದ್ದಾರೆ ಅನ್ನುತ್ತದೆ. ಅದೇ ಉಸಿರಿನಲ್ಲಿ 27.2 ಕೋಟಿ ಇನ್ನೂ ಶಾಲೆಯ ಹೊರಗಿದ್ದಾರೆ ಅಂತಲೂ ಹೇಳುತ್ತದೆ. ಜಗತ್ತಿನಲ್ಲಿ 92% ಜನರ ಮನೆಗೆ ಕರೆಂಟು ಬಂದಿದೆ. ಇಂಟರ್ನೆಟ್ ಬಳಸುವವರು 2015ರಲ್ಲಿ 40% ಇದ್ದರು, 2024ಕ್ಕೆ 68% ಆಗಿದ್ದಾರೆ. ಪಿಂಚಣಿ, ಹೆರಿಗೆ ಭತ್ಯೆ, ಕಾಯಿಲೆ ಬಿದ್ದಾಗ ನೆರವು, ಇಂಥ ಯಾವುದಾದರೂ ಒಂದು ಸಾಮಾಜಿಕ ಭದ್ರತೆ ಇರುವವರು ಮೊದಲ ಸಲ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಆಗಿದ್ದಾರೆ. ಇದು ನನಗೆ ತುಂಬಾ ದೊಡ್ಡ ಸುದ್ದಿ ಅನ್ನಿಸಿತು. ಬಡತನದಿಂದ ಮೇಲೆ ಬಂದವರನ್ನು ಮತ್ತೆ ಕೆಳಗೆ ಎಳೆಯುವುದು ಬಹಳ ಸಲ ಒಂದೇ ಒಂದು ಕಾಯಿಲೆ, ಒಂದೇ ಒಂದು ಸಾವು. ಅದನ್ನು ನಾನು ಮನೆ ಮನೆಯಲ್ಲಿ ಕೂತು ಕೇಳಿದ್ದೇನೆ.

ಇನ್ನು ಮಕ್ಕಳ ಸಾವಿನ ಲೆಕ್ಕ. ಐದು ವರ್ಷ ತುಂಬುವ ಮೊದಲೇ 1990ರಲ್ಲಿ 1.27 ಕೋಟಿ ಮಕ್ಕಳು ತೀರಿಕೊಂಡಿದ್ದರು. 2023ರಲ್ಲಿ ಅದು 48 ಲಕ್ಷ. ದಿನಕ್ಕೆ ಸುಮಾರು 13,000 ಮಕ್ಕಳು. ಎಷ್ಟು ಕಡಿಮೆ ಆಗಿದೆ ಅಂತ ಸಮಾಧಾನ ಆಗುತ್ತದೆ, ಇನ್ನೂ ಎಷ್ಟಿದೆ ಅಂತ ಎದೆ ಭಾರ ಆಗುತ್ತದೆ. ಎರಡೂ ಒಟ್ಟಿಗೇ. ಲಸಿಕೆ, ಸೊಳ್ಳೆ ಪರದೆ, ಭೇದಿಗೆ ಕೊಡುವ ಉಪ್ಪು-ಸಕ್ಕರೆ ನೀರು, ಕಲಿತ ಸೂಲಗಿತ್ತಿ, ಇಂಥ ಸಾಧಾರಣ ವಿಷಯಗಳಿಂದಲೇ ಇಷ್ಟೆಲ್ಲ ಆಗಿದ್ದು. ಉಳಿದಿರುವ ಸಾವುಗಳಲ್ಲೂ ಬಹಳಷ್ಟನ್ನು ಹೀಗೇ ತಪ್ಪಿಸಬಹುದು.

ಈಗ ತಕರಾರಿಗೆ ಬರುತ್ತೇನೆ. ಮೊದಲನೆಯದು ಬಡತನದ ಪುಟ.

2025ರಲ್ಲಿ ಜಗತ್ತಿನಲ್ಲಿ 80 ಕೋಟಿಗೂ ಜಾಸ್ತಿ ಜನ ಕಡು ಬಡತನದಲ್ಲಿದ್ದಾರೆ ಅಂತ ವರದಿ ಹೇಳುತ್ತದೆ. ಸರಿ. ಈಗ ಹತ್ತು ವರ್ಷ ಹಿಂದಕ್ಕೆ ಹೋಗಿ, ಇದಕ್ಕಿಂತ ಹಿಂದೆ, 2015ರವರೆಗೆ ಇದ್ದ 'ಸಹಸ್ರಮಾನದ ಗುರಿಗಳ' ಕೊನೆಯ ವರದಿ ತೆಗೆಯಿರಿ. 1990ರಲ್ಲಿ 190 ಕೋಟಿ ಇದ್ದವರು 2015ಕ್ಕೆ 83.6 ಕೋಟಿಗೆ ಇಳಿದರು ಅಂತ ಅಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಏನನ್ನಿಸುತ್ತದೆ? ಹತ್ತು ವರ್ಷದಲ್ಲಿ ಏನೂ ಆಗಲಿಲ್ಲ ಅಂತ, ಅಲ್ವಾ? ನನ್ನ ಪರಿಚಯದ ಒಬ್ಬರು ನಿಜವಾಗಿಯೂ ಹಾಗೇ ಹೇಳಿ ಬೇಜಾರು ಮಾಡಿಕೊಂಡರು. ಆದರೆ ಅಳೆಯುವ ಸೇರೇ ಬದಲಾಗಿದೆ. 83.6 ಕೋಟಿ ಬಂದಿದ್ದು ದಿನಕ್ಕೆ 1.25 ಡಾಲರ್ ಗೆರೆಯಲ್ಲಿ. ಈಗಿನ 80 ಕೋಟಿ ಬಂದಿದ್ದು ದಿನಕ್ಕೆ 3 ಡಾಲರ್ ಗೆರೆಯಲ್ಲಿ. ಎರಡನ್ನೂ ಹೋಲಿಸುವ ಹಾಗೇ ಇಲ್ಲ.

ಈ ಗೆರೆಯ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಇದನ್ನು ಎಳೆಯುವುದು ವಿಶ್ವ ಬ್ಯಾಂಕ್. 1990ರಲ್ಲಿ 'ದಿನಕ್ಕೊಂದು ಡಾಲರ್' ಅಂತ ಶುರುವಾಯಿತು. 2008ರಲ್ಲಿ 1.25 ಆಯಿತು, 2015ರಲ್ಲಿ 1.90, 2022ರಲ್ಲಿ 2.15, 2025ರ ಜೂನ್‌ನಲ್ಲಿ 3. ಈ ಡಾಲರ್ ಹಣ ಬದಲಾಯಿಸುವ ಅಂಗಡಿಯಲ್ಲಿ ಸಿಗುವ ಡಾಲರ್ ಅಲ್ಲ. ಒಂದೇ ಸಾಮಾನಿಗೆ ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಇರುತ್ತದೆ, ಆ ವ್ಯತ್ಯಾಸ ತೆಗೆದು ಸರಿದೂಗಿಸಿದ ಲೆಕ್ಕದ ಡಾಲರ್. ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಅತಿ ಬಡ ದೇಶಗಳೇ ತಮ್ಮೊಳಗೆ ಇಟ್ಟುಕೊಂಡಿರುವ ಬಡತನ ರೇಖೆಗಳನ್ನು ಸಾಲಾಗಿ ಜೋಡಿಸಿ, ನಟ್ಟನಡುವಿನದನ್ನು ತೆಗೆದುಕೊಂಡು ತೀರ್ಮಾನಿಸುತ್ತಾರೆ. ಈಚೆಗೆ ಆ ದೇಶಗಳು ಮನೆ ಖರ್ಚನ್ನು ಹೆಚ್ಚು ಪೂರ್ತಿಯಾಗಿ ಕೇಳಿ ಬರೆದುಕೊಳ್ಳುತ್ತಿವೆ, ಬೆಲೆಗಳ ಲೆಕ್ಕವೂ ಹೊಸದಾಗಿದೆ, ಹಾಗಾಗಿ ಗೆರೆಯೂ ಮೇಲೆ ಹೋಯಿತು. ಇದರಿಂದ 2022ರ ಕಡು ಬಡವರ ಸಂಖ್ಯೆ 71.3 ಕೋಟಿಯಿಂದ 83.8 ಕೋಟಿಗೆ ಏರಿತು. ರಾತ್ರೋರಾತ್ರಿ ಯಾರೂ ಬಡವರಾಗಲಿಲ್ಲ. ಮುಂಚೆಯೂ ಇದ್ದ 12.5 ಕೋಟಿ ಜನರು ಈಗ ಲೆಕ್ಕಕ್ಕೆ ಸಿಕ್ಕರು, ಅಷ್ಟೇ.

ನಾನು ಇದನ್ನು ಒಳ್ಳೆಯ ಬದಲಾವಣೆ ಅಂತಲೇ ನೋಡುತ್ತೇನೆ. ಗೆರೆ ಮೇಲೆ ಹೋಗಿ ಸಂಖ್ಯೆ ದೊಡ್ಡದಾದರೆ ನಾಚಿಕೆಪಡಬೇಕಾಗಿಲ್ಲ. ಆದರೆ ಈ ವಿವರವನ್ನು ಸಾಮಾನ್ಯ ಓದುಗರಿಗೆ ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ತಲೆಬರಹದ ಸಂಖ್ಯೆ ಮಾತ್ರ ಓದಿ ಮುಂದೆ ಹೋಗುವವರೇ ಜಾಸ್ತಿ. ಇನ್ನೊಂದು ವಿಚಿತ್ರ ಇದೆ. ಒಂದೊಂದು ಗುರಿಯ ಕೆಳಗೂ ಉಪಗುರಿಗಳಿವೆ, 2015ರಲ್ಲಿ ಒಪ್ಪಿದ ಮೊದಲ ಉಪಗುರಿಯ ವಾಕ್ಯದಲ್ಲಿ ಇವತ್ತಿಗೂ 1.25 ಡಾಲರ್ ಅಂತಲೇ ಇದೆ. ಅಳೆಯುವುದು ಮಾತ್ರ 3ರಲ್ಲಿ. ಹೊಸದಾಗಿ ಓದುವವರು ಇಲ್ಲಿ ಖಂಡಿತ ಗೊಂದಲಕ್ಕೆ ಬೀಳುತ್ತಾರೆ.

ನೀರಿನ ವಿಷಯದಲ್ಲೂ ಇಂಥದ್ದೇ ಆಗಿದೆ, ಅದು ಇನ್ನೂ ಕಣ್ಣು ತೆರೆಸುವಂಥದ್ದು. ಹಿಂದಿನ ಸಹಸ್ರಮಾನದ ಗುರಿಗಳಲ್ಲಿ, ಸುಧಾರಿತ ನೀರಿನ ಮೂಲ ಇದ್ದರೆ ಸಾಕು ಅಂತಿತ್ತು. ನಲ್ಲಿ, ಕೊಳವೆ ಬಾವಿ, ಮುಚ್ಚಿದ ಬಾವಿ, ಇವೆಲ್ಲ ಸರಿ. ಆ ನೀರು ಎಷ್ಟು ದೂರ, ಎಷ್ಟು ಹೊತ್ತು ಬರುತ್ತದೆ, ಒಳಗೆ ಕೊಳಕು ಇದೆಯಾ, ಅದನ್ನು ಕೇಳುತ್ತಿರಲಿಲ್ಲ. ಆ ಲೆಕ್ಕದಲ್ಲಿ ಗುರಿ 2010ರಲ್ಲೇ, ಅಂದರೆ ಐದು ವರ್ಷ ಮೊದಲೇ ಮುಟ್ಟಿತು. ಸಂಭ್ರಮವೂ ಆಯಿತು. ಹೊಸ ಗುರಿಗಳಲ್ಲಿ ಪ್ರಶ್ನೆ ಬದಲಾಯಿತು. ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಸಿಗಬೇಕು, ಮಲದ ಮತ್ತು ವಿಷದ ಅಂಶ ಇರಬಾರದು. ಹೀಗೆ ಕೇಳಿದ ಕೂಡಲೇ 2022ರಲ್ಲಿ 220 ಕೋಟಿ ಜನರಿಗೆ ಸರಿಯಾದ ಕುಡಿಯುವ ನೀರಿಲ್ಲ ಅಂತ ಗೊತ್ತಾಯಿತು. ಹಳೆಯ ಪ್ರಶ್ನೆಯಲ್ಲಿ 'ಮುಗಿಯಿತು' ಅಂದುಕೊಂಡಿದ್ದು ಹೊಸ ಪ್ರಶ್ನೆಯಲ್ಲಿ ಇನ್ನೂ ಬಹಳ ಬಾಕಿ ಇತ್ತು. ಬಿಂದಿಗೆ ಹೊತ್ತು ದೂರ ನಡೆಯುವ ಹೆಂಗಸರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು. ಲೆಕ್ಕ ಬರೆಯುವವರು ಅವರನ್ನು ಕೇಳಿದ್ದು ತಡವಾಗಿ.

ಎರಡನೇ ತಕರಾರು ಒಟ್ಟಾರೆ ಅಂಕದ ಬಗ್ಗೆ. ಒಟ್ಟು 169 ಉಪಗುರಿಗಳಿವೆ. ಅದರಲ್ಲಿ ಅಳೆಯಲು ಮಾಹಿತಿ ಸಿಕ್ಕಿರುವವುಗಳನ್ನು ಬಣ್ಣ ಹಚ್ಚಿ ತೋರಿಸುತ್ತಾರೆ, ಇದು ನನಗೆ ತುಂಬಾ ಇಷ್ಟ. ಹಸಿರು ಅಂದರೆ ಸರಿದಾರಿ, ಕೆಂಪು ಅಂದರೆ 2015ಕ್ಕಿಂತಲೂ ಹಿಂದಕ್ಕೆ ಹೋಗಿದೆ. ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೆ 2024ರ ವರದಿ 'ಸರಿದಾರಿಯಲ್ಲಿರುವುದು ಬರೀ 17%' ಅಂದಿತ್ತು. 2025ರ ವರದಿ '35% ಸರಿದಾರಿಯಲ್ಲಿವೆ ಅಥವಾ ಸಾಧಾರಣ ಪ್ರಗತಿ ಕಂಡಿವೆ' ಅನ್ನುತ್ತದೆ. ಎರಡನೆಯ ವಾಕ್ಯದ ಬಾಲವನ್ನು ಗಮನಿಸಿ. ಅಲ್ಲಿ ಎರಡು ಬಣ್ಣಗಳನ್ನು ಕೂಡಿಸಿದ್ದಾರೆ. ಗಮನಿಸದೆ ಓದಿದರೆ ಒಂದೇ ವರ್ಷದಲ್ಲಿ ಪ್ರಗತಿ ಎರಡು ಪಟ್ಟಾಯಿತು ಅನ್ನಿಸುತ್ತದೆ. ಹಾಗೇನೂ ಆಗಿಲ್ಲ. ಸುಳ್ಳು ಹೇಳಿದ್ದಾರೆ ಅನ್ನುತ್ತಿಲ್ಲ ನಾನು, ಒಳಗಿನ ನಕ್ಷೆಯಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಇದೆ. ಆದರೂ ವರ್ಷದಿಂದ ವರ್ಷಕ್ಕೆ ಒಂದೇ ರೀತಿ ಗುಂಪು ಮಾಡಿ ಹೇಳಿದರೆ ನಂಬಿಕೆ ಜಾಸ್ತಿಯಾಗುತ್ತದೆ. ಅದೇ ವರದಿಯ ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ: 18% ಉಪಗುರಿಗಳು ಹಿಂದಕ್ಕೆ ಹೋಗಿವೆ. ಇದು ತಲೆಬರಹ ಆಗಬೇಕಿತ್ತು.

ಹಸಿವಿನ ಪುಟ ಓದುವಾಗ ನನಗೆ ತುಂಬಾ ಕಷ್ಟ ಆಯಿತು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2024ರಲ್ಲಿ 67.3 ಕೋಟಿ ಜನ ಹೊಟ್ಟೆ ತುಂಬದೆ ಇದ್ದರು. ಜಗತ್ತಿನಲ್ಲಿ ಆಹಾರ ಇಲ್ಲದೆ ಅಲ್ಲ.

ತಾಯಂದಿರ ಸಾವಿನ ಭಾಗ ಮಾತ್ರ ಎಲ್ಲರೂ ಓದಲೇಬೇಕು. 2023ರಲ್ಲಿ 2.6 ಲಕ್ಷ ಹೆಂಗಸರು ಬಸಿರು ಬಾಣಂತನದಲ್ಲಿ ತೀರಿಕೊಂಡರು. ಲಕ್ಷ ಹೆರಿಗೆಗೆ 197 ಸಾವು. 2030ಕ್ಕೆ ಇದು 70ಕ್ಕಿಂತ ಕೆಳಗೆ ಬರಬೇಕು. ಹಿಂದಿನ ಗುರಿಗಳಲ್ಲಿ 1990ರಿಂದ ನಾಲ್ಕರಲ್ಲಿ ಮೂರು ಪಾಲು ಕಡಿಮೆ ಮಾಡುತ್ತೇವೆ ಅಂದಿದ್ದರು, ಆಗಿದ್ದು ಸುಮಾರು 45%. ರಕ್ತಸ್ರಾವ, ಸೋಂಕು, ರಕ್ತದೊತ್ತಡ, ಇವೇ ಮುಖ್ಯ ಕಾರಣಗಳು, ಮತ್ತು ಇವಕ್ಕೆ ಔಷಧ ಗೊತ್ತಿಲ್ಲದೆ ಇಲ್ಲ. ಹತ್ತಿರದಲ್ಲಿ ನುರಿತವರು ಇಲ್ಲ, ಆಸ್ಪತ್ರೆಗೆ ದಾರಿ ಇಲ್ಲ, ಕರೆದುಕೊಂಡು ಹೋಗಲು ವಾಹನ ಇಲ್ಲ. ವರದಿ ಇದನ್ನು ಅಂಕಿಯಲ್ಲಿ ಹೇಳಿ ಸುಮ್ಮನಾಗುತ್ತದೆ. ಇನ್ನೆರಡು ಸಾಲು ಬರೆದಿದ್ದರೆ ಚೆನ್ನಾಗಿರುತ್ತಿತ್ತು.

ಮೂರನೇ ತಕರಾರು, ಇದು ನನ್ನ ಹಳೆಯ ಕೆಲಸದಿಂದ ಬಂದಿದ್ದು. ಈ ಎಣಿಕೆಯಲ್ಲಿ ಸಿಗದೇ ಹೋಗುವವರು ಯಾರು ಅಂತ ವರದಿ ಇನ್ನೂ ಗಟ್ಟಿಯಾಗಿ ಹೇಳಬೇಕು. ಮನೆ ಸಮೀಕ್ಷೆ ಅಂದರೆ ಮನೆ ಇದ್ದವರ ಸಮೀಕ್ಷೆ. ಬೀದಿಯಲ್ಲಿ ಮಲಗುವವರು, ಆಶ್ರಮದಲ್ಲಿರುವ ಮಕ್ಕಳು, ಯುದ್ಧಕ್ಕೆ ಹೆದರಿ ಊರೂರು ಓಡುತ್ತಿರುವವರು, ಇವರ ಬಾಗಿಲು ತಟ್ಟಲು ಬಾಗಿಲೇ ಇಲ್ಲ. ಇನ್ನೊಂದು, ಮನೆಯ ಒಟ್ಟು ಖರ್ಚನ್ನು ತಲೆಗೆ ಇಷ್ಟು ಅಂತ ಸಮವಾಗಿ ಹಂಚಿ ಲೆಕ್ಕ ಹಾಕುತ್ತಾರೆ. ನಿಜವಾಗಿ ಮನೆಯೊಳಗೆ ಸಮವಾಗಿ ಹಂಚಿಕೆ ಆಗುತ್ತದಾ? ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನು ಉಣ್ಣುವವಳು ಆ ಲೆಕ್ಕದಲ್ಲಿ ಬಡವಳಲ್ಲ, ಯಾಕೆಂದರೆ ಅವಳ ಮನೆ ಗೆರೆಯ ಮೇಲಿದೆ. ದುಡ್ಡಿನ ಲೆಕ್ಕದಲ್ಲಿ ಕಾಣದ ಬಡತನ ಹಿಡಿಯಲು ಬೇರೆ ಅಳತೆಗಳೂ ಇವೆ. 2010ರಿಂದ ಬರುತ್ತಿರುವ ಬಹು ಆಯಾಮದ ಬಡತನ ಸೂಚ್ಯಂಕ ದುಡ್ಡನ್ನು ನೋಡುವುದಿಲ್ಲ. ಶಾಲೆ, ಪೌಷ್ಟಿಕತೆ, ಮಕ್ಕಳ ಸಾವು, ನೀರು, ಶೌಚಾಲಯ, ಒಲೆಗೆ ಏನು ಉರಿಸುತ್ತಾರೆ, ಹೀಗೆ ಹತ್ತು ವಿಷಯ ನೋಡುತ್ತದೆ. ಅದರ ಪ್ರಕಾರ ಸುಮಾರು 110 ಕೋಟಿ ಜನ ಬಡವರು, ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಎರಡನ್ನೂ ಜೊತೆಗಿಟ್ಟು ಓದಿ ಅಂತ ನನ್ನ ಸಲಹೆ.

ಹುಟ್ಟಿದ್ದೇ ದಾಖಲಾಗದ ಮಕ್ಕಳೂ ಇದ್ದಾರೆ. ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ಎಲ್ಲಿಯೂ ನೋಂದಣಿ ಆಗಿಲ್ಲ. ನೋಂದಣಿ ಕೂಡ ಈ ಉಪಗುರಿಗಳಲ್ಲಿ ಒಂದು, ಹದಿನಾರನೇ ಗುರಿಯ ಒಳಗೆ ಬರುತ್ತದೆ. ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ನನಗೆ ಅದು ಎಲ್ಲದರ ಬುಡ ಅನ್ನಿಸುತ್ತದೆ. ಮಗು ಇದೆ ಅಂತಲೇ ಗೊತ್ತಿಲ್ಲದಿದ್ದರೆ ಲಸಿಕೆ ಯಾರಿಗೆ, ಶಾಲೆ ಯಾರಿಗೆ?

ಹಾಗಂತ ಎಣಿಕೆ ಸುಧಾರಿಸಿಲ್ಲ ಅಂತ ಅಲ್ಲ. ಈ ಗುರಿಗಳ ಜಾಗತಿಕ ದತ್ತಾಂಶ ಕೋಶದಲ್ಲಿ 2016ರಲ್ಲಿ 115 ಸೂಚಕಗಳಿಗೆ, ಅಂದರೆ ಪ್ರಗತಿ ಅಳೆಯುವ ಅಂಶಗಳಿಗೆ, ಮಾತ್ರ ಮಾಹಿತಿ ಇತ್ತು, 2022ಕ್ಕೆ ಅದು 217 ಆಯಿತು. ಅದು ಸುಮ್ನೆ ಆಗಿದ್ದಲ್ಲ, ಎಷ್ಟೋ ದೇಶಗಳ ಅಂಕಿಅಂಶ ಇಲಾಖೆಗಳು, ಎಷ್ಟೋ ಸಾವಿರ ಸಮೀಕ್ಷಕರು ಬಿಸಿಲಲ್ಲಿ ನಡೆದು ಮಾಡಿದ್ದು. ವರದಿಯಲ್ಲಿ ಅವರ ಶ್ರಮದ ಬಗ್ಗೆ ಒಂದು ಪುಟ ಇದ್ದಿದ್ದರೆ ನನಗೆ ಕಣ್ಣು ತುಂಬಿ ಬರುತ್ತಿತ್ತು.

ಈಗ ಆತಂಕ ಇರುವುದೂ ಅಲ್ಲೇ. ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ ಅಂತ ಒಂದು ದೊಡ್ಡ ಕಾರ್ಯಕ್ರಮ ಇತ್ತು. 1984ರಿಂದ 90ಕ್ಕೂ ಹೆಚ್ಚು ದೇಶಗಳಲ್ಲಿ ನಡೆದಿತ್ತು, ಅಮೆರಿಕದ ನೆರವು ಸಂಸ್ಥೆ ದುಡ್ಡು ಕೊಡುತ್ತಿತ್ತು. ಮಕ್ಕಳ ಸಾವು, ತಾಯಂದಿರ ಸಾವು, ಪೌಷ್ಟಿಕತೆ, ಬಾಲ್ಯವಿವಾಹ, ಇಂಥ ಎಷ್ಟೋ ಸೂಚಕಗಳಿಗೆ ಬಡ ದೇಶಗಳಿಂದ ಮಾಹಿತಿ ಬರುತ್ತಿದ್ದುದು ಅದರಿಂದಲೇ. 2025ರ ಫೆಬ್ರುವರಿಯಲ್ಲಿ ಆ ದುಡ್ಡನ್ನು ನಿಲ್ಲಿಸಿಬಿಟ್ಟರು. ಕೆಲವು ದೇಶಗಳಲ್ಲಿ ಸಮೀಕ್ಷೆ ಅರ್ಧದಲ್ಲೇ ನಿಂತಿತು. ನನಗೆ ಈ ಸುದ್ದಿ ಓದಿ ಮನೆಯವರನ್ನೇ ಕಳೆದುಕೊಂಡ ಹಾಗಾಯಿತು. ಯುನಿಸೆಫ್ 1990ರ ದಶಕದಿಂದ ನಡೆಸುತ್ತಿರುವ ಸಮೀಕ್ಷೆ ಇದೆ, ಅದು ಸ್ವಲ್ಪ ಮಟ್ಟಿಗೆ ಆಸರೆ. ಆದರೆ ಎರಡು ಕಾಲಲ್ಲಿ ನಿಂತಿದ್ದವರು ಒಂದೇ ಕಾಲಲ್ಲಿ ಎಷ್ಟು ದಿನ ನಿಲ್ಲುತ್ತಾರೆ? ಶ್ರೀಮಂತ ದೇಶಗಳ ನೆರವೂ 2024ರಲ್ಲಿ ಸುಮಾರು 7% ಕಡಿಮೆ ಆಗಿದೆ. ರಾಷ್ಟ್ರೀಯ ಆದಾಯದ 0.7% ಕೊಡುತ್ತೇವೆ ಅಂತ 1970ರಲ್ಲೇ ಮಾತಾಗಿತ್ತು. 2024ರಲ್ಲಿ ಎಲ್ಲ ಸೇರಿ ಕೊಟ್ಟಿದ್ದು 0.33%.

ಭಾಷೆಯ ಬಗ್ಗೆ ಒಂದು ಮಾತು. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಕಡು ಬಡವರಲ್ಲಿ ಮೂರರಲ್ಲಿ ಎರಡು ಪಾಲು ಸಹಾರಾದ ಕೆಳಗಿನ ಆಫ್ರಿಕಾದಲ್ಲಿದ್ದಾರೆ. ಅವರು ಮನೆಯಲ್ಲಿ ಆಡುವುದು ಹೌಸಾ, ಸ್ವಾಹಿಲಿ, ಲಿಂಗಾಲ, ಅಮ್ಹಾರಿಕ್, ಮಲಗಾಸಿ, ಇನ್ನೂ ನೂರಾರು. ಯಾರ ಬಗ್ಗೆ ಬರೆದಿದ್ದೋ ಅವರೇ ಓದಲಾಗದಿದ್ದರೆ ಹೇಗೆ? ಪೂರ್ತಿ ವರದಿ ಬೇಡ, ಹತ್ತು ಪುಟದ ಸಾರಾಂಶ ಅವರ ಭಾಷೆಗಳಲ್ಲಿ ಬರಬೇಕು. ನಾನು ಹಿಡಿದಿಟ್ಟುಕೊಂಡ ಸ್ಟಾರ್‌ನ ಅರ್ಧ ಇದಕ್ಕೆ, ಇನ್ನರ್ಧ ಮೇಲೆ ಹೇಳಿದ ಬಡತನ ಗೆರೆಯ ಗೊಂದಲಕ್ಕೆ.

ಹೇಗೆ ಓದಬೇಕು ಅಂತ ಕೇಳುವವರಿಗೆ: ಮುನ್ನುಡಿಯಿಂದ ಶುರು ಮಾಡಬೇಡಿ. ಬಣ್ಣದ ಪಟ್ಟಿಗೆ ಹೋಗಿ. ಕೆಂಪು ಎಲ್ಲಿದೆ ನೋಡಿ, ಆ ಗುರಿಯ ಪುಟ ಮೊದಲು ಓದಿ. ಪ್ರತಿ ಅಂಕಿಯ ಪಕ್ಕ ವರ್ಷ ಹುಡುಕಿ, ಯಾಕೆಂದರೆ '2025ರಲ್ಲಿ' ಅಂತಿರುವುದು ಎಷ್ಟೋ ಸಲ ಕೆಲವು ವರ್ಷ ಹಿಂದಿನ ಸಮೀಕ್ಷೆಯಿಂದ ಮುಂದಕ್ಕೆ ಲೆಕ್ಕ ಹಾಕಿದ ಅಂದಾಜು. ಅಂದಾಜು ತಪ್ಪಲ್ಲ, ಆದರೆ ಅದು ಅಂದಾಜು ಅಂತ ಗೊತ್ತಿರಬೇಕು. ಯಾವುದಾದರೂ ಒಂದು ದೇಶದ ಬಗ್ಗೆ ಆಳವಾಗಿ ನೋಡಬೇಕಾದರೆ ವರದಿ ಬಿಟ್ಟು ದತ್ತಾಂಶ ಕೋಶಕ್ಕೆ ಹೋಗಿ, ಸೂಚಕದ ಹೆಸರು ಒತ್ತಿದರೆ ವರ್ಷವಾರು ಸಿಗುತ್ತದೆ. ಅದನ್ನು ಹೇಗೆ ಲೆಕ್ಕ ಹಾಕಿದರು ಅನ್ನುವ ವಿವರಣೆಯೂ ಅಲ್ಲೇ ಇದೆ, ಅದನ್ನು ಓದದೆ ಯಾರ ಜೊತೆಗೂ ವಾದಕ್ಕೆ ಇಳಿಯಬೇಡಿ. ಶಾಲೆ ಕಾಲೇಜಿನಲ್ಲಿ ಪಾಠ ಮಾಡುವವರಿಗೆ, ಪತ್ರಿಕೆಯಲ್ಲಿ ಬರೆಯುವವರಿಗೆ, ಸಂಘಸಂಸ್ಥೆಗಳಲ್ಲಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಉಚಿತ ಸಾಮಗ್ರಿ ನಾನು ನೋಡಿಲ್ಲ.

ಮುಂದಿನ ಆವೃತ್ತಿ ಬಂದಾಗ ನಾನು ಮೊದಲು ತೆಗೆಯುವುದು ಮಕ್ಕಳ ಸಾವಿನ ನಕ್ಷೆ. ಯಾವ ದೇಶದ ಜಾಗ 'ಮಾಹಿತಿ ಇಲ್ಲ' ಅನ್ನುವ ಬೂದು ಬಣ್ಣಕ್ಕೆ ತಿರುಗಿದೆ ಅಂತ ನೋಡುತ್ತೇನೆ. ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.